ಕೌದಿಯ ಉಡಿ

ಸ್ಯಾನ್ ಹೊಸೆಯ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬಂಗಾರೆವ್ವ ಕಂಡವರ ಪ್ಯಾಂಟು ಗಿಡ್ಡ ಮಾಡುತ್ತಿದ್ದಳು. ಗಂಡ ವೀರಣ್ಣ ಕಂಪ್ಯೂಟರಿನ ಚಿಪ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು. ಇಂಜಿನಿಯರನ ಹೆಂಡತಿ ಹೊಲಿಗೆ ಕೂಲಿಗೆ ಹೋಗುವುದುಂಟೆ ಎಂದು ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ ಹೆಂಗಸರು ಪಿಸುಗುಟ್ಟುತ್ತಿದ್ದರು. ಪಿಸುಗುಟ್ಟಲಿ ಬಿಡಿ. ದೀಪಾವಳಿಯ ಹಿಂದಿನ ದಿನ ರವಿಕೆ ಮೈಗೆ ಏರದಿದ್ದಾಗ ಅವರೆಲ್ಲ ಓಡಿ ಬರುತ್ತಿದ್ದುದು ಇವಳ ಹತ್ತಿರವೇ. ರೋಣದ ಹೆಣ್ಣುಮಗಳು ಈಕೆ. ಸುಮ್ಮನೆ ಕೂತರೆ ಕೈಗೆ ತುರಿಕೆ ಬರುತ್ತದೆ ಎನ್ನುವ ಜಾತಿ.

ಅಂಗಡಿಯ ಒಡತಿ ಸಿರಾನುಶ್ ಎಂಬ ಅರ್ಮೇನಿಯದ ಮುದುಕಿ. ಬಂಗಾರೆವ್ವ ಕೆಲಸಕ್ಕೆ ಸೇರಿದ ವಾರದಲ್ಲೇ ಇವಳ ಬಾಯಲ್ಲಿ ಆಕೆ ಸಿರಿ ಅಕ್ಕ ಆಗಿಬಿಟ್ಟಿದ್ದಳು. ಇಬ್ಬರದೂ ಅರೆಬರೆ ಇಂಗ್ಲಿಷು. ಉಳಿದದ್ದನ್ನು ಕೈಸನ್ನೆ, ಕಣ್ಸನ್ನೆ, ಬೇಕಾದರೆ ಬೈಗುಳ ತುಂಬುತ್ತಿದ್ದವು. ಅರ್ಮೇನಿಯ ಎಷ್ಟು ದೊಡ್ಡದು ಎಂದು ಒಮ್ಮೆ ಗಂಡನನ್ನು ಕೇಳಿದ್ದಳು. ನಮ್ಮ ಬೆಳಗಾವಿ, ವಿಜಾಪುರ ಎರಡೂ ಜಿಲ್ಲೆ ಸೇರಿಸಿದರೆ ಅಷ್ಟೇ ಎಂದಿದ್ದ ವೀರಣ್ಣ. ಅಯ್ಯೋ ಶಿವನೆ, ಅಷ್ಟೇ ಅಷ್ಟರಲ್ಲಿ ಒಂದು ದೇಶವೇ ಎಂದು ಅವಳಿಗೆ ಕನಿಕರವಾಗಿತ್ತು.

ಆ ಕನಿಕರ ಇಳಿದುಹೋಗಿದ್ದು ಎಂಬತ್ತೆಂಟರ ಡಿಸೆಂಬರಿನಲ್ಲಿ. ಅರ್ಮೇನಿಯದಲ್ಲಿ ಭೂಕಂಪವಾಯಿತು. ಊರಿಗೆ ಊರೇ ನೆಲಸಮ. ಬದುಕುಳಿದವರು ಹಿಮದಲ್ಲಿ ಡೇರೆ ಹಾಕಿಕೊಂಡು ಕೂತಿದ್ದಾರೆ ಎಂದು ಟೀವಿಯಲ್ಲಿ ತೋರಿಸಿದರು. ಸಿರಾನುಶಳ ತಂಗಿ ಶುಷಾನ್ ಇದ್ದದ್ದು ಅಂಥ ಊರೊಂದರಲ್ಲೇ. ಅಕ್ಕ ತಂಗಿ ಇಬ್ಬರೂ ಬೈರೂತಿನಲ್ಲಿ ಹುಟ್ಟಿದವರು. ತಂಗಿ ಮದುವೆಯಾಗಿ ತಾಯ್ನಾಡಿಗೆ ಮರಳಿದ್ದಳು, ಅಕ್ಕ ಅಮೆರಿಕದ ಹಾದಿ ಹಿಡಿದಿದ್ದಳು. ಈಗ ತಂಗಿ ಇದ್ದಾಳೋ ಇಲ್ಲವೋ ಹೇಳುವವರೇ ಇಲ್ಲ. ಅಂದಿನಿಂದ ಮುದುಕಿ ಬರೀ ಕಪ್ಪು ಕಾಫಿಯ ಮೇಲೆ ದಿನ ನೂಕತೊಡಗಿದಳು. ಬಂಗಾರೆವ್ವ ರೊಟ್ಟಿ ತಂದರೂ ಬೇಡ, ಮೊಸರನ್ನ ತಂದರೂ ಬೇಡ. ಅಲ್ಲಿ ತಂಗಿ ಹಸಿದು ಹಿಮದಲ್ಲಿ ಕೂತಿರುವಾಗ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದಳು. ಮುಖ ಬತ್ತಿ ಹಿಡಿಯಷ್ಟಾಯಿತು. ಈಕೆ ತಂಗಿಗಿಂತ ಮೊದಲೇ ಹೋಗಿಬಿಡುತ್ತಾಳೆ ಎಂದು ಬಂಗಾರೆವ್ವನಿಗೆ ನಿಜವಾಗಿ ಹೆದರಿಕೆಯಾಯಿತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅರ್ಮೇನಿಯದವರದೊಂದು ಪರಿಹಾರ ಸಂಘವಿತ್ತು. ಚರ್ಚಿನ ಹಾಲಿನಲ್ಲಿ ಬಟ್ಟೆಬರೆ, ಔಷಧಿ ಕಟ್ಟಿ ಕಳಿಸುವ ಕೆಲಸ ನಡೆದಿತ್ತು. ಒಬ್ಬಳೇ ಕಾರು ಓಡಿಸುವುದು ಬೇಡವೆಂದು ಬಂಗಾರೆವ್ವ ಸಿರಾನುಶಳ ಜೊತೆಗೆ ಹೋದಳು. ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಎಷ್ಟು ಜನ! ಹಲ್ಲಿನ ಡಾಕ್ಟರು, ಬೇಕರಿಯವನು, ಬರ್ಕ್ಲಿಯ ಪ್ರೊಫೆಸರು, ಕೋಲೂರುವ ಅಜ್ಜಿಯರು, ಎಲ್ಲರೂ ನೆಲದ ಮೇಲೆ ಕೂತಿದ್ದಾರೆ. ಒಬ್ಬರೂ ಅಳುತ್ತಿಲ್ಲ. ಆ ಕೋಣೆಯಲ್ಲಿ ಯಾರನ್ನೂ ಕಳೆದುಕೊಳ್ಳದವರನ್ನು ಹುಡುಕಬೇಕಿತ್ತು, ಆದರೂ ಕೈಗಳು ಮಾತ್ರ ನಿಂತಿರಲಿಲ್ಲ.

ಸಂಘದ ಯಜಮಾನಿ ಜಾಬೆಲ್. ಶಾಲೆಯ ನಿವೃತ್ತ ಟೀಚರು, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ನಿಮ್ಮ ಸ್ವಂತ ತಂಗಿಯ ಮೈಗೆ ತೊಡಿಸಲಾಗದ್ದನ್ನು ಇಲ್ಲಿ ತರಬೇಡಿ ಎಂಬುದು ಆಕೆಯ ಕಾನೂನು. ಬಂದ ಪ್ರತಿ ಕೋಟನ್ನೂ ತಿರುವಿ ನೋಡುವರು, ಕಿತ್ತ ಗುಂಡಿ ಹಚ್ಚುವರು, ಇಸ್ತ್ರಿ ಮಾಡುವರು. ಬಂಗಾರೆವ್ವ ಬೆರಗಾಗಿ ನೋಡಿದಳು. ಊರಲ್ಲಿ ನೆರೆ ಬಂದಾಗ ಜನ ಕೊಟ್ಟಿದ್ದ ಚಿಂದಿಯ ರಾಶಿ ಅವಳ ಕಣ್ಣ ಮುಂದೆ ಬಂದು ನಾಚಿಕೆಯಾಯಿತು. ಕೊಡುವುದನ್ನು ಇಷ್ಟು ಮರ್ಯಾದೆಯಿಂದ ಕೊಡಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಈ ಹೆಂಗಸು ಸುಮ್ಮನಿರುವುದುಂಟೆ? ಪಿಸುಗುಟ್ಟುತ್ತಿದ್ದವರ ಮನೆಗೆಲ್ಲ ನುಗ್ಗಿ ಹಳೆಯ ಸೀರೆ ಎತ್ತಿಕೊಂಡು ಬಂದಳು. ಪದ್ಮಜಾ, ಜಲಜಾ, ವೇದವತಿ ಎಂದು ಬೆಂಗಳೂರು ಮೈಸೂರಿನ ಹೆಂಗಸರನ್ನು ಕೂಡಿಹಾಕಿ ಹೊದೆಯುವ ಕೌದಿ ಹೊಲಿಸಿದಳು. ಸೂಜಿ ಹಿಡಿದು ಗೊತ್ತಿಲ್ಲದವರಿಗೆ ನೂಲು ಪೋಣಿಸುವ ಕೆಲಸ. ಹಳೆಯ ಬಟ್ಟೆ ಎಂದು ಜಾಬೆಲ್ ಮೊದಲು ಮುಖ ಗಂಟಿಕ್ಕಿದಳು. ಆಮೇಲೆ ಹೊಲಿಗೆಯ ಸಾಲಿನ ಮೇಲೆ ಕೈಯಾಡಿಸಿ ನೋಡಿ, ಒಳಗೆ ತಿನ್ನುವ ಪದಾರ್ಥವೇನೂ ಇಲ್ಲ ತಾನೆ ಎಂದು ಎಲ್ಲರನ್ನೂ ಕೇಳುವಂತೆ ಇವಳನ್ನೂ ಕೇಳಿದಳು. ಇಲ್ಲವೇ ಇಲ್ಲ ಎಂದಳು ಬಂಗಾರೆವ್ವ. ಒಂದೊಂದು ಡೇರೆಗೆ ಒಂದಾದರೂ ಸಿಗಲಿ ಎಂದು ಜಾಬೆಲ್ ಪ್ರತಿ ಮೂಟೆಯ ನಟ್ಟನಡುವೆ ಒಂದೊಂದು ಕೌದಿ ಇಡಿಸಿದಳು.

ಸಾಮಾನು ಹೊರಡುವ ದಿನ ಬಂತು. ಮೂಟೆಗಳ ಬಾಯಿ ಹೊಲಿದಾಗಿತ್ತು. ಬಾಗಿಲಿಗೆ ಬಂದ ಲಾರಿಗೆ ಅವನ್ನು ಹೇರಿಯೂ ಆಗಿತ್ತು, ಮಧ್ಯಾಹ್ನದೊಳಗೆ ಏರ್‌ಪೋರ್ಟು ಮುಟ್ಟದಿದ್ದರೆ ವಿಮಾನ ಇವರನ್ನು ಬಿಟ್ಟು ಹಾರುತ್ತದೆ. ಹೊಸದಾಗಿ ಬಂದವರಿಗೆ ಜಾಬೆಲ್ ತನ್ನ ಕಾನೂನುಗಳ ಕಾರಣ ಬಿಡಿಸಿ ಹೇಳುತ್ತಿದ್ದಳು. ಬಟ್ಟೆಯೊಳಗೆ ಕಾಳುಕಡಿ ಇದ್ದರೆ ಇಲಿ, ಹುಳ ಬೀಳುತ್ತವೆ. ಅಲ್ಲಿಯ ತಪಾಸಣೆಯವರು ಒಂದು ಮೂಟೆಯಲ್ಲಿ ಒಂದು ಕಾಳು ಸಿಕ್ಕರೂ ಇಡೀ ಲೋಡು ತಡೆದು ನಿಲ್ಲಿಸುತ್ತಾರೆ ಎಂದಳು.

ಬಂಗಾರೆವ್ವನ ಎದೆ ಧಸಕ್ಕೆಂದಿತು. ಪ್ರತಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಅವಳು ಅದರೊಳಗೆ ಒಂದು ಚಿಟಿಕೆ ಜೋಳ ಹಾಕಿದ್ದಳು. ಊರಿನ ಜೋಳ, ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಂಡದ್ದು. ಹಸಿದ ಕೌದಿ ಬೆಚ್ಚಗಿಡುವುದಿಲ್ಲ, ಅದರ ಉಡಿ ತುಂಬಿಯೇ ಕೊಡಬೇಕು ಎಂದು ತಾಯಿ ನೀಲವ್ವ ಕಲಿಸಿದ್ದಳು. ಜಾಬೆಲ್ ಕೇಳಿದಾಗ ಇಲ್ಲ ಎಂದದ್ದು ಸುಳ್ಳೂ ಅಲ್ಲ. ಉಡಿ ತುಂಬಿದ ಕಾಳನ್ನು ತಿನ್ನುವ ಪದಾರ್ಥ ಎಂದು ಯಾರಾದರೂ ಎಣಿಸುತ್ತಾರೆಯೇ?

ಸುಮ್ಮನಿದ್ದರೆ ಲಾರಿ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಅಲ್ಲಿ ತಡೆದರೆ? ಸಿರಿ ಅಕ್ಕನ ತಂಗಿ ಯಾವುದೋ ಡೇರೆಯಲ್ಲಿ ಕೂತು ಈ ಮೂಟೆಗಳಿಗೇ ಕಾಯುತ್ತಿದ್ದರೆ? ಬಂಗಾರೆವ್ವ ಎದ್ದು ಹೋಗಿ ಜಾಬೆಲ್ ಮುಂದೆ ನಿಂತು, ಎಲ್ಲ ಕೌದಿಯಲ್ಲೂ ಕಾಳಿದೆ, ತಪ್ಪು ನನ್ನದು ಎಂದು ಒಂದೇ ಉಸಿರಿಗೆ ಹೇಳಿದಳು. ಹೇಳಿ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು.

ಬೈಗುಳ ಬರಲಿಲ್ಲ. ಜಾಬೆಲ್ ಗಡಿಯಾರ ನೋಡಿದಳು, ಲಾರಿ ನೋಡಿದಳು, ಆಮೇಲೆ ತಮ್ಮ ಭಾಷೆಯಲ್ಲಿ ಎರಡೇ ಮಾತು ಆಡಿದಳು. ಅಷ್ಟೇ. ಕೋಲೂರಿಕೊಂಡು ಬಂದ ಅಜ್ಜಿಯರು ಮತ್ತೆ ನೆಲಕ್ಕೆ ಕೂತರು. ಡಾಕ್ಟರು, ಪ್ರೊಫೆಸರು ಲಾರಿ ಹತ್ತಿ ಮೂಟೆಗಳನ್ನು ಇಳಿಸಿದರು. ಕತ್ತರಿಗಳು ಹೊರಬಂದವು. ಕೌದಿ ತೆಗೆ, ಮೂಲೆ ಬಿಚ್ಚು, ಕಾಳು ಬೋಗುಣಿಗೆ ಉದುರಿಸು, ಮೂಲೆ ಹೊಲಿ, ಮಡಿಸಿ ಇಡು. ಯಾರೂ ನಿಟ್ಟುಸಿರು ಕೂಡ ಬಿಡಲಿಲ್ಲ. ಒಬ್ಬ ಅಜ್ಜಿಯಂತೂ ಹೊಲಿಗೆ ಕೆಡಬಾರದೆಂದು ಎಳೆ ಎಳೆಯಾಗಿ ಬಿಚ್ಚುತ್ತಿದ್ದಳು. ಸೂಜಿ ಹಿಡಿದ ಬಂಗಾರೆವ್ವನ ಕಣ್ಣು ಮಂಜಾಯಿತು. ಎರಡು ಜಿಲ್ಲೆಯಷ್ಟು ನಾಡು ಎಂದು ಕನಿಕರಪಟ್ಟಿದ್ದೆನಲ್ಲ! ಮನೆಮಠ ಕುಸಿದುಬಿದ್ದ ಹೊತ್ತಿನಲ್ಲೂ ಪರರ ತಪ್ಪನ್ನು ಹೀಗೆ ಮೈಮೇಲೆ ಹಾಕಿಕೊಳ್ಳುವ ಜನ ಎಷ್ಟು ದೊಡ್ಡವರಪ್ಪಾ ಎಂದು ಅವಳ ಮೈ ಜುಮ್ಮೆಂದಿತು.

ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು. ಜನ ಬೆನ್ನು ನೆಟ್ಟಗೆ ಮಾಡಿಕೊಂಡರು. ಬೋಗುಣಿಯ ತಳದಲ್ಲಿ ಒಂದಿಷ್ಟು ಜೋಳ ಉಳಿದಿತ್ತು. ಬಂಗಾರೆವ್ವ ಅದನ್ನೇ ನೋಡುತ್ತ ಸಪ್ಪಗೆ ಕೂತಿದ್ದಳು. ಎಲ್ಲ ಸರಿಹೋಯಿತಲ್ಲ, ಮತ್ತೇಕೆ ಈ ಮುಖ ಎಂದು ಸಿರಾನುಶ್ ಕೇಳಿದಳು. ಕೌದಿಗಳು ಹಸಿದುಕೊಂಡೇ ಹೋದವು ಎಂದು ಬಂಗಾರೆವ್ವ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ತಾಯಿ ಹೇಳಿದ್ದನ್ನೆಲ್ಲ ಹೇಳಿದಳು. ಯಾರೂ ನಗಲಿಲ್ಲ. ಹಾಗಾದರೆ ಈಗ ಅದಕ್ಕೇನು ದಾರಿ ಎಂದು ಜಾಬೆಲ್ ಕೇಳಿದಳು, ದೊಡ್ಡದೊಂದು ಮೀಟಿಂಗಿನಲ್ಲಿ ಕೇಳುವಷ್ಟು ಗಂಭೀರವಾಗಿ.

ದಾರಿಯಿತ್ತು. ಪಾಲಿನವರು ದೂರ ಇದ್ದರೆ ಅವರ ಹೆಸರು ಹೇಳಿ ಇದ್ದವರು ಉಣ್ಣಬೇಕು. ಬಂಗಾರೆವ್ವ ಸೆರಗು ಸಿಕ್ಕಿಸಿಕೊಂಡು ಚರ್ಚಿನ ಅಡುಗೆಮನೆಗೆ ನುಗ್ಗಿದಳು. ದಪ್ಪ ಬಾಣಲೆ ಕಾಯಿಸಿ, ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆಯಿಂದ ಒತ್ತಿ ಒತ್ತಿ ಹುರಿದಳು. ಚಟಪಟ ಎಂದು ಬಿಳಿಬಿಳಿಯ ಅರಳು ಸಿಡಿಯತೊಡಗಿತು. ಅಜ್ಜಿಯರು ಬಾಗಿಲಲ್ಲಿ ಗುಂಪುಗೂಡಿ ಬಾಯಿ ತೆರೆದು ನೋಡಿದರು. ಎಲ್ಲರಿಗೂ ಎರಡೆರಡು ಅರಳು ಬಂತು. ಒಬ್ಬೊಬ್ಬರೂ ಒಂದೊಂದು ಹೆಸರು ಹೇಳಿ ಬಾಯಿಗೆ ಹಾಕಿಕೊಂಡರು. ಅಣ್ಣನ ಹೆಸರು, ಮೊಮ್ಮಗಳ ಹೆಸರು, ಓದಿದ ಶಾಲೆಯ ಹೆಸರು. ಅಲ್ಲಿಯವರೆಗೆ ಅಳದಿದ್ದವರ ಕಣ್ಣಲ್ಲಿ ನೀರು ಬಂತು.

ಸಿರಾನುಶ್ ಮಾತ್ರ ಅಂಗೈ ಚಾಚಲಿಲ್ಲ. ಬಂಗಾರೆವ್ವ ಹತ್ತಿರ ಕೂತಳು. ಇಂಗ್ಲಿಷು ಅವಳ ಕೈಬಿಟ್ಟಿತ್ತು.

“ತಿನ್ನಕ್ಕಾ, ಶುಷಾನ್ ಹೆಸರ್ಲೆ ತಿನ್ನು. ನೀ ತಿಂದರ ಆಕಿಗೆ ಮುಟ್ಟತೈತಿ.”

ಕನ್ನಡ ಬಾರದ ಮುದುಕಿಗೆ ಅದರಲ್ಲಿ ತಂಗಿಯ ಹೆಸರೊಂದೇ ತಿಳಿದಿರಬೇಕು. ಬಂಗಾರೆವ್ವ ಚಾಚಿದ ಎರಡು ಅರಳನ್ನು ಅಂಗೈಗೆ ತೆಗೆದುಕೊಂಡಳು. ಆಮೇಲೆ ಶುಷಾನ್ ಎಂದು ಮೆಲ್ಲಗೆ ಹೇಳಿ ಒಂದನ್ನು ಬಾಯಿಗೆ ಹಾಕಿಕೊಂಡಳು, ಅಗಿದಳು, ನುಂಗಿದಳು. ಇನ್ನೊಂದನ್ನೂ ತಿಂದಳು. ಕಣ್ಣೊರೆಸಿಕೊಂಡು ಬಂಗಾರೆವ್ವನ ಮೊಣಕೈ ಹಿಡಿದಳು.

“ನನಗೆ ಹಸಿವಾಗಿದೆ,” ಎಂದಳು.

ಬಂಗಾರೆವ್ವ ರೊಟ್ಟಿಯ ಡಬ್ಬಿ ತರಲು ಕಾರಿನ ಕಡೆಗೆ ಓಡಿದಳು.