ಜಯಮ್ಮನ ಬದಲಿಗೆ ಬಂದ ಕಲ್ಲು

ಎರಡು ವರ್ಷಗಳ ಹಿಂದಿನ ಕಾರ್ತಿಕ ಮಾಸದ ಒಂದು ಭಾನುವಾರ. ಕನಕಪುರದಲ್ಲಿ ನಮ್ಮ ನೆರೆಮನೆಯ ಜಯಮ್ಮನವರ ಮಗಳು ಸವಿತಾಳಿಗೆ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಿಂದ ಸಂಬಂಧವೊಂದು ಕೂಡಿಬಂದಿತ್ತು. ಗಂಡಿನ ಮನೆ ನೋಡಿ ಬರಲು ಅಂದು ಹೊರಟಿದ್ದೆವು. ಕಲ್ಲುಗಣಿಯಲ್ಲಿ ಬಂಡೆ ಜಾರಿ ಜಯಮ್ಮನವರ ಪತಿ ತೀರಿಕೊಂಡಾಗ ಸವಿತಾಳಿಗಿನ್ನೂ ಮಾತು ಬಂದಿರಲಿಲ್ಲ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ಅವಳನ್ನು ಬಿ.ಕಾಂ. ಓದಿಸಿದವರು ಜಯಮ್ಮ ಒಬ್ಬರೇ. ಮಗಳು ಬಾಳಬೇಕಾದ ಮನೆಯನ್ನು ಒಮ್ಮೆ ತಮ್ಮ ಕಣ್ಣಿನಿಂದಲೇ ನೋಡಬೇಕೆಂಬುದು ಅವರ ಆಸೆಯಾಗಿತ್ತು.

ಕಾರು ಅವರ ಮೈದುನ ಪುಟ್ಟಸ್ವಾಮಿಯವರದು. ಅವರು, ಅವರ ಪತ್ನಿ, ಜಯಮ್ಮ ಮತ್ತು ನಾನು, ಹೀಗೆ ನಾಲ್ವರು ಹೊರಟಿದ್ದೆವು. ಕಾರಿನ ಬಾಗಿಲು ತೆರೆದ ಪುಟ್ಟಸ್ವಾಮಿ ತಟ್ಟನೆ ನಿಂತರು.

“ಮೂರ್ ಜನ ಆಗ್ಬುಟ್ವಲ್ಲ! ಮೂರ್ ಜನ ಒಳ್ಳೆ ಕಾರ್ಯಕ್ಕೋದ್ರೆ ಕೆಲ್ಸ ಕೆಡ್ತದೆ. ತಡೀರಿ ಒಸಿ.”

“ನಾಲ್ಕು ಜನ ಇದ್ದೀವಲ್ಲ?” ಎಂದೆ.

“ಅತ್ಗೆ ಲೆಕ್ಕಕ್ಕಿಲ್ಲ ಕಣ್ ಮೇಡಮ್ಮೋರೆ. ಅಲ್ಲಿ ಕಾರಿಂದ ಇಳಿಯಾಕಿಲ್ಲ ಅಂತ ಒಪ್ಕಂಡೇ ಬತ್ತಾವ್ರೆ.”

ಹಾಗೆಂದವರೇ ಬೀದಿ ಬದಿಯ ಜಲ್ಲಿಕಲ್ಲೊಂದನ್ನು ಎತ್ತಿ, ಕರವಸ್ತ್ರದಲ್ಲಿ ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಂಡರು. “ಈಗ ನಾಕ್ ಜನ ಆದ್ವಿ. ಹತ್ತಿ, ಹತ್ತಿ.”

ಅಣ್ಣನ ಪ್ರಾಣ ತೆಗೆದದ್ದೂ ಕಲ್ಲೇ. ಈಗ ತಮ್ಮನ ಜೇಬಿನಲ್ಲಿ ಅತ್ತಿಗೆಯ ಜಾಗಕ್ಕೆ ಬಂದದ್ದೂ ಕಲ್ಲೇ.

ಮೂವರು ಶುಭಕಾರ್ಯಕ್ಕೆ ಹೊರಡಬಾರದು, ಹೊರಟರೆ ಕಲ್ಲೊಂದನ್ನು ನಾಲ್ಕನೆಯವರೆಂದು ಒಯ್ಯಬೇಕು ಎಂಬ ರೂಢಿ ನನಗೆ ಹೊಸದಲ್ಲ. ಮಹಿಳಾ ಸಂಘಟನೆಯ ಕಾರ್ಯಕರ್ತೆಯಾಗಿ ಶಾಲೆಗಳಲ್ಲಿ ಮೂಢನಂಬಿಕೆಗಳ ವಿರುದ್ಧ ಮಾತನಾಡುವಾಗ, ಹದಿಮೂರನೆಯ ಮಹಡಿಯನ್ನು ಬಿಟ್ಟು ಎಣಿಸುವ ವಿದೇಶಿ ಹೋಟೆಲುಗಳು, ನಾಲ್ಕಕ್ಕೆ ಅಂಜುವ ಚೀನೀಯರು, ಕೂಡಿದರೆ ಎಂಟಾಗುವ ಗಾಡಿ ನಂಬರ್ ಬೇಡವೆನ್ನುವ ನಮ್ಮವರು, ಎಲ್ಲರನ್ನೂ ಉದಾಹರಿಸುತ್ತೇನೆ. ಮಕ್ಕಳು ನಗುತ್ತಾರೆ. ಆದರೆ ಆ ಹೋಟೆಲುಗಳ ಲೆಕ್ಕದಲ್ಲಿ ಬಿಟ್ಟುಹೋಗುವುದು ಒಂದು ಮಹಡಿ. ನಮ್ಮ ಲೆಕ್ಕದಲ್ಲಿ ಬಿಟ್ಟುಹೋದವರು ಹೆತ್ತ ತಾಯಿ. ಕಲ್ಲನ್ನು ಮನುಷ್ಯರಲ್ಲಿ ಎಣಿಸಿ ವಿಧವೆಯನ್ನು ಹೊರಗಿಡುವುದನ್ನು ನಾನು ನಂಬಿಕೆ ಎಂದು ಕರೆಯಲಾರೆ, ಅದು ಕ್ರೌರ್ಯ. ನಾನು ಲೆಕ್ಕದೊಳಗಿದ್ದುದಾದರೂ ಕೊರಳಲ್ಲಿ ತಾಳಿಯಿತ್ತು ಎಂಬ ಒಂದೇ ಕಾರಣಕ್ಕೆ.

ಗುಡೇಮಾರನಹಳ್ಳಿ ತಲುಪಿದಾಗ, “ಜಯಮ್ಮ ಬರದಿದ್ದರೆ ನಾನೂ ಇಳಿಯುವುದಿಲ್ಲ,” ಎಂದೆ. ಜಯಮ್ಮ ನನ್ನ ಕೈ ಅದುಮಿದರು.

“ಬ್ಯಾಡಿ ಅಕ್ಕಾ, ಮಗಳ ಬಾಳು. ನೀವಾದ್ರೂ ಅಡುಗೆಮನೆ ನೋಡ್ಕಬನ್ನಿ. ನೀರು ಒಳಗೇ ಬತ್ತದಾ? ಅತ್ತೆಯಾಗೋಳು ಮೊಕ ಕೊಟ್ಟು ಮಾತಾಡ್ತಳಾ? ಅಷ್ಟ್ ನೋಡಿ, ಸಾಕು.”

ಒಳಗೆ ಗಂಡಿನ ತಂದೆ, “ಎಷ್ಟ್ ಜನ ಬಂದ್ರಿ?” ಎಂದು ವಿಚಾರಿಸಿದರು. ಪುಟ್ಟಸ್ವಾಮಿ ಜೇಬು ತಟ್ಟಿಕೊಂಡು, “ನಾಕ್ ಜನ ಕಣಣ್ಣ. ಈವಯ್ಯಂಗೆ ಮಾತ್ರ ಕಾಫಿ ಬ್ಯಾಡ,” ಎಂದರು. ಎಲ್ಲರೂ ನಕ್ಕರು.

“ಹುಡುಗಿಯ ತಾಯಿ ಹೊರಗೆ ಕಾರಿನಲ್ಲಿ ಕೂತಿದ್ದಾರೆ. ಅವರನ್ನು ಕರೆಯಿರಿ,” ಎಂದೆ.

ನಗು ನಿಂತಿತು. ಗಂಡಿನ ತಾಯಿ ನೆಲ ನೋಡುತ್ತಾ, “ಮದ್ವೆ ಆದ್ಮ್ಯಾಕೆ ಬರೋದು ಇದ್ದದ್ದೇ ಅಲ್ವಾ, ಬುಡಿ ಕಣವ್ವ,” ಎಂದವರು ಒಂದು ಲೋಟ ಕಾಫಿಯನ್ನು ಕಾರಿಗೆ ಕಳಿಸಿಕೊಟ್ಟರು. ಎಂಜಿನಿಯರಿಂಗ್ ಓದಿದ್ದ ವರ ಮೊಬೈಲಿನಿಂದ ತಲೆ ಎತ್ತಲಿಲ್ಲ. ಹಿರಿಯರ ಮಾತಿಗಿಂತ ಆ ಮೌನವೇ ನನಗೆ ದೊಡ್ಡ ತಪ್ಪಾಗಿ ಕಂಡಿತು.

ಸಂಜೆ ಕನಕಪುರಕ್ಕೆ ಮರಳಿದಾಗ ಸವಿತಾ ಬಾಗಿಲಲ್ಲೇ ಕಾದಿದ್ದಳು. “ಮನೆ ಹೆಂಗೈತವ್ವ?”

ಜಯಮ್ಮ ಚಪ್ಪಲಿ ಕಳಚುತ್ತಾ ಹೇಳಿದರು: “ನಿಮ್ಮ ಚಿಕ್ಕಪ್ಪನ ಜೇಬಲ್ಲಿರೋ ಕಲ್ಲನ್ನ ಕೇಳು ಮಗಾ. ಒಳಕ್ಕೋಗಿ ನೋಡ್ಕಬಂದಿರೋದು ಅದೇಯ.”

ಪುಟ್ಟಸ್ವಾಮಿ ಕಲ್ಲನ್ನು ಜೇಬಿನಿಂದ ತೆಗೆದು ಬೀದಿಗೆ ಎಸೆದರು. ಅದರ ಕೆಲಸ ಮುಗಿದಿತ್ತು.

ಮದುವೆಯೂ ನಡೆಯಿತು. ಧಾರೆಯೆರೆದವರು ಪುಟ್ಟಸ್ವಾಮಿ ದಂಪತಿ. ಜಯಮ್ಮ ಅದನ್ನು ಊಟದ ಮನೆಯ ಬಾಗಿಲಲ್ಲಿ ನಿಂತು ನೋಡಿದರು. ಈಗಲೂ ಎಲ್ಲಿಗಾದರೂ ಹೊರಟವರು ಕಲ್ಲೆತ್ತಿಕೊಳ್ಳಲು ಬಗ್ಗಿದರೆ, ನನಗೆ ನಗು ಬರುವುದಿಲ್ಲ. ಅವರ ಮನೆಯ ಬಾಗಿಲ ಹಿಂದೆ ಯಾವ ಹೆಂಗಸು ನಿಂತಿದ್ದಾಳೆಂದು ನನ್ನ ಕಣ್ಣು ಹುಡುಕತೊಡಗುತ್ತದೆ.