ಮೇಜರ್ ತಲೆಯ ಅಳತೆ

ನನಗೊಂದು ವಿದ್ಯೆ ಬರುತ್ತದೆ, ರುಮಾಲು ಸುತ್ತುವುದು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದರೂ ಜನ ನನ್ನನ್ನು ನೆನಪಿಡುವುದು ಅದಕ್ಕೇ. ನವನಗರದ ನಮ್ಮ ಓಣಿಯಲ್ಲಿ ಯಾರಿಗೆ ಸತ್ಕಾರವಿರಲಿ, ಹಿಂದಿನ ದಿನವೇ ದಾರ ಹಿಡಿದು ಹೋಗಿ ತಲೆಯ ಅಳತೆ ತರುತ್ತೇನೆ. ಮೊಣಕಾಲ ಮೇಲೆ ಸುತ್ತಿ ಸಿದ್ಧ ಇಟ್ಟರೆ, ವೇದಿಕೆಯಲ್ಲಿ ಟೊಪ್ಪಿಗೆಯ ಹಾಗೆ ಇಡುವುದಷ್ಟೇ. ಇದು ಗಂಡಸರಿಗೆ. ಹೆಣ್ಣುಮಕ್ಕಳಿಗೆ ಉಡಿ ತುಂಬುವುದು: ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಖಣ. ಇದರಲ್ಲಿ ವಿಚಾರ ಮಾಡುವಂಥದ್ದು ಏನಾದರೂ ಇದೆ ಎಂದು ನನಗೆ ಎಂದೂ ಅನಿಸಿರಲಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಪಕ್ಕದ ಮನೆಗೆ ಅಂಗಡಿ ಮನೆತನದವರು ಬಂದರು. ಬಾಗಿಲಿಗೆ ‘ಮೇಜರ್ ಅಂಗಡಿ, ನಿವೃತ್ತ’ ಎಂಬ ಫಲಕ. ಒಳಗೆ ಗುರಪ್ಪ ಕಾಕಾ, ಕಿವಿಯ ತನಕ ಮೀಸೆ. ಸಾಕಲ್ಲ! ಅಂದಿನಿಂದ ಅವರು ನನಗೆ ಮಿಲ್ಟ್ರಿ ಕಾಕಾ. ದಿನಾ ಸಂಜೆ ಹೋಗಿ ಗಡಿ, ಯುದ್ಧ, ದೇಶ ಎಂದು ನಾನೇ ಅವರಿಗೆ ಹೇಳುತ್ತಿದ್ದೆ. “ಅಲ್ರಿ ಮಾಸ್ತರ, ಸ್ವಲ್ಪ ಕೇಳ್ರಿ ಇಲ್ಲಿ” ಎಂದು ಅವರು ಶುರು ಮಾಡಿದರೆ, ಖರೆ ಸೈನಿಕರು ಹೀಗೇ, ತಮ್ಮ ಹೊಗಳಿಕೆ ಸೇರುವುದಿಲ್ಲ ಎಂದು ಮೆಚ್ಚಿ ಮಾತು ಮುಂದುವರಿಸುತ್ತಿದ್ದೆ. ಎದುರಿಗಿನವರ ಮಾತು ಮುಗಿಯಗೊಡದಿರುವುದು ನನಗೆ ಸಾಲಿಯಲ್ಲಿ ಪಾಠ ಹೇಳಿ ಅಂಟಿದ ರೋಗ. ಕಾಕಾನ ಹೆಂಡತಿ ಗಂಗಕ್ಕ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದರು.

ಈ ಸಲದ ಗಣರಾಜ್ಯೋತ್ಸವಕ್ಕೆ ಓಣಿಯವರು ಮೇಜರ್ ಅಂಗಡಿ ದಂಪತಿಯ ಸತ್ಕಾರ ಇಟ್ಟುಕೊಂಡರು. ನಾನು ದಾರ ಹಿಡಿದು ಹೋದೆ.

“ನನ್ನ ತಲಿ ಯಾಕ್ರಿ?” ಎಂದರು ಕಾಕಾ.

“ಮತ್ಯಾರದು ಅಳೀಲಿ?” ಎಂದು ನಕ್ಕು ಅಳೆದುಬಿಟ್ಟೆ. ಗಂಗಕ್ಕ ಬಾಗಿಲಲ್ಲಿ ನಿಂತು ನೋಡಿದರು.

ಮರುದಿನ ವೇದಿಕೆಯ ಮೇಲೆ ಕಾಕಾಗೆ ರುಮಾಲು, ಶಾಲು; ಗಂಗಕ್ಕನಿಗೆ ಉಡಿ. ಆಮೇಲೆ ನಾನೇ ಮೈಕು ಕೊಟ್ಟು, ಸೈನ್ಯದ ಅನುಭವ ಹೇಳಿರಿ ಎಂದೆ. ಕಾಕಾ ಗಂಟಲು ಸರಿ ಮಾಡಿಕೊಂಡರು.

“ನಾ ಗುಡೂರಾಗ ಹಿಟ್ಟಿನ ಗಿರಣಿ ನಡಿಸಿದಾಂವ್ರಿ. ಎರಡು ಹುಡುಗ್ಯಾರ ಜಡಿ ಹಾಕಿ ಸಾಲಿಗೆ ಕಳಿಸೀನಿ, ಅಷ್ಟ ನನ್ನ ಅನುಭವ. ಮಿಲ್ಟ್ರಿ ದವಾಖಾನ್ಯಾಗ ನರ್ಸಾಗಿ ಸೇರಿ ಮೇಜರ್ ಆದಾಕಿ ಈಕಿ. ಗುಂಡು ಬಡದ ಹುಡುಗರನ್ನ ಬದುಕಿಸಿದಾಕಿನೂ ಈಕಿನ. ಜೋಡಿ ಸತ್ಕಾರ ಅಂದ್ರಲ್ಲ, ಇಬ್ಬರಿಗೂ ರುಮಾಲು ಸುತ್ತತಾರ ಅಂತ ತಿಳಕೊಂಡೆ.”

ಅಯ್ಯೋ ಶಿವನೇ! ಭೂಮಿ ಬಾಯಿ ಬಿಡಬಾರದೇ ಎನಿಸಿತು.

“ಆತು ಬಿಡ್ರಿ, ಉಡಿ ತುಂಬೇವಲ್ಲ, ಸತ್ಕಾರ ಆದಂಗ ಆತು” ಎಂದರು ಅಧ್ಯಕ್ಷರು. ಹೆಣ್ಣುಮಕ್ಕಳಿಗೆ ಯಾರಾದರೂ ರುಮಾಲು ಸುತ್ತುತ್ತಾರೆಯೇ ಎಂದು ಸಭೆಯಲ್ಲಿ ಗುಜುಗುಜು. ನನಗೋ, ಪ್ರತಿ ವರ್ಷ ಸಾಲಿಯ ಮಕ್ಕಳನ್ನು ಕರೆದೊಯ್ದು ತೋರಿಸಿದ ಬಾದಾಮಿಯ ಗುಹೆಗಳು ನೆನಪಾದವು. ಅಲ್ಲಿನ ಕಂಬಗಳ ಮೇಲಿನ ಹೆಂಗಸರ ತಲೆಯಲ್ಲಿ ಎಂಥೆಂಥ ಮುಕುಟಗಳು! ಕೆತ್ತಿದವನಿಗೆ ಇಲ್ಲದ ಅಡಚಣೆ ಸುತ್ತುವವನಿಗೆ ಯಾಕೆ?

ಅಷ್ಟರಲ್ಲಿ ಕಾಕಾ ತಮ್ಮ ರುಮಾಲು ತೆಗೆದು ಹೆಂಡತಿಯ ಕಡೆ ಚಾಚಿದ್ದರು. ಗಂಗಕ್ಕ ತಲೆ ಅಲ್ಲಾಡಿಸಿದರು.

“ಅವರ ಅಳತಿದು ನನಗ ಆಗಂಗಿಲ್ಲ. ಬಿಚ್ಚಿ ಸುತ್ತರಿ, ಮಾಸ್ತರ.”

ಸುತ್ತಬೇಕೆಂದರೆ ಅವರ ಎರಡೂ ಕೈಯಲ್ಲಿ ಉಡಿ ತುಂಬಿದ ಸೆರಗು. ಕಾಕಾ ಸುಮ್ಮನೆ ತಮ್ಮ ಶಾಲು ಒಡ್ಡಿದರು. ಅಕ್ಕಿ, ಕಾಯಿ, ಖಣ ಎಲ್ಲ ಅದರೊಳಗೆ ಬಿತ್ತು. ಮೀಸೆಯ ಗಂಡಸು ಉಡಿ ಹಿಡಿದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಂಗಕ್ಕ ನೆಟ್ಟಗೆ ನಿಂತರು. ತುರುಬು ಅಡ್ಡ ಬಂತು, ಎರಡು ಸಲ ಬಿಚ್ಚಿ ಸುತ್ತಿದೆ. ಅಷ್ಟೂ ಹೊತ್ತು ಅವರು ಅಲ್ಲಾಡಲಿಲ್ಲ. ಮುಗಿದಾಗ ಸಭೆ ಎದ್ದು ನಿಂತಿತ್ತು.

ಕೆಳಗಿಳಿಯುವಾಗ ತಡೆಯಲಾಗದೆ ಕೇಳಿದೆ, “ಮೂರು ವರ್ಷದಾಗ ಒಂದು ಮಾತು ಹೇಳಬಾರದಿತ್ತೇನ್ರಿ, ಅಕ್ಕಾರ?”

“ನೀವು ನನ್ನ ಕಡೆ ಕೇಳಿದ್ದು ಚಹಾ ಅಷ್ಟ, ಅಲ್ಲೇನ್ರಿ?” ಎಂದರು. ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಈಗಲೂ ಸಂಜೆ ಅವರ ಮನೆಗೆ ಹೋಗುತ್ತೇನೆ. ಗಂಗಕ್ಕ ಹೇಳುತ್ತಾರೆ, ನಾನು ಕೇಳುತ್ತೇನೆ. ಚಹಾ ಕಾಕಾ ಮಾಡುತ್ತಾರೆ. ಸಕ್ಕರೆ ಭಾಳ ಹಾಕುತ್ತಾರೆ, ಆದರೆ ನಡುವೆ ಬಾಯಿ ಹಾಕುವುದನ್ನು ಬಿಟ್ಟಿದ್ದೇನಲ್ಲ, ಸುಮ್ಮನೆ ಕುಡಿಯುತ್ತೇನೆ.