ಕಾಣದ ಹುಡುಗಿಯನ್ನು ತೋರಿಸಿದ ಕೋಲು

ನಮ್ಮ ವಿಜ್ಞಾನದ ಸರ್ ಅವರ ಅಂಗಿಗಳೆಲ್ಲ ಎಡಗಡೆಯ ಕಂಕುಳಲ್ಲಿ ಸವೆದಿರುತ್ತಿದ್ದವು. ಕಾಲರು ನೆಟ್ಟಗೆ, ಗುಂಡಿಗಳೆಲ್ಲ ಜಾಗದಲ್ಲಿ, ಇಸ್ತ್ರಿಯ ಗೆರೆ ಕೂಡ ಸರಿಯಾಗಿ. ಕಂಕುಳಲ್ಲಿ ಮಾತ್ರ ಬಟ್ಟೆ ತೆಳ್ಳಗಾಗಿ ಒಳಗಿನ ಬನಿಯನ್ ಇಣುಕುತ್ತಿತ್ತು. ಅದಕ್ಕೆ ಕಾರಣ ಒಂದು ಬಿದಿರಿನ ಕೋಲು. ಹತ್ತಿರ ಹತ್ತಿರ ಐದಡಿ ಉದ್ದ, ತುದಿಗೆ ಕೆಂಪು ಟೇಪು. ಬಾಗಿಲು ದಾಟುವಾಗ ಅವರು ಸ್ವಲ್ಪ ಅಡ್ಡ ತಿರುಗಿಯೇ ಒಳಗೆ ಬರಬೇಕಾಗುತ್ತಿತ್ತು. ಕಲಬುರಗಿಯ ಬ್ರಹ್ಮಪುರದಲ್ಲಿದ್ದ ಮನೆಯಿಂದ ಕಮಲಾಪುರದ ನಮ್ಮ ಶಾಲೆಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದರು, ಕೋಲಿನ ಸಮೇತ.

"ಸರ, ಕೋಲಿಗೂ ಟಿಕೇಟ್ ಹರೀಲೇನ್ರಿ?" ಎಂದು ಕಂಡಕ್ಟರ್ ಕೆಣಕಿದರೆ, "ಅರ್ಧಾ ಹರಿಯಪ್ಪಾ, ಅದಿನ್ನೂ ಸಣ್ಣದದ" ಎನ್ನುತ್ತಿದ್ದರಂತೆ.

ಆ ಕೋಲಿನ ಏಟು ತಿಂದವರು ನಮ್ಮ ಶಾಲೆಯಲ್ಲಿ ಒಬ್ಬರೂ ಇಲ್ಲ. ಅದು ಹೊಡೆಯುವುದಕ್ಕಲ್ಲ, ತೋರಿಸುವುದಕ್ಕೆ. ನಕ್ಷೆಯಲ್ಲಿ ನದಿ, ಹಲಗೆಯ ಮೇಲೆ ಹೃದಯದ ಕೋಣೆಗಳು, ಕಿಟಕಿಯಾಚೆ ಬೇವಿನ ಮರದಲ್ಲಿ ಗೂಡು ಕಟ್ಟುತ್ತಿದ್ದ ಕಾಗೆ, ಎಲ್ಲವೂ ಅದರ ತುದಿಗೆ ಬರುತ್ತಿದ್ದವು. ಗಾಳಿಯ ಪಾಠದ ದಿನ ಬಕೆಟ್ಟಿನ ನೀರಿನಲ್ಲಿ ಲೋಟ ಬೋರಲು ಹಾಕಿ, ಒಳಗೆ ನೀರು ಏರದಿದ್ದುದನ್ನು ಕೋಲಿನಿಂದ ತೋರಿಸಿ, "ಕಾಣಲಿಲ್ಲ ಅಂದ್ರ ಇಲ್ಲ ಅಂತ ಅಲ್ಲ" ಎಂದಿದ್ದರು. ಮರುದಿನ ನನ್ನ ಹೋಂವರ್ಕ್ ಆಗಿರಲಿಲ್ಲ. ನಾನು ಎದ್ದು ನಿಂತು ಅದೇ ಮಾತನ್ನು ಅವರಿಗೇ ತಿರುಗಿಸಿ ಹೇಳಿದೆ. ಸರ್ ಕುರ್ಚಿಯ ಮೇಲೆ ಆರಾಮಾಗಿ ಕುಳಿತು, "ಹಂಗಾರ ಓದವ್ವಾ, ಕೇಳೂಣು" ಎಂದರು. ಬರೆಯದ ಹೋಂವರ್ಕನ್ನು ಖಾಲಿ ಹಾಳೆ ನೋಡುತ್ತ ಎರಡು ಪುಟದಷ್ಟು ಓದಿದೆ. ಬೆವರು ಇಳಿಯಿತು. ಬರೆಯುವುದೇ ಸಲೀಸು ಎಂದು ಅವತ್ತು ಗೊತ್ತಾಯಿತು.

ಏಳನೇ ತರಗತಿಯ ಬೇಸಿಗೆ ರಜೆಗೆ ಮುಂಚೆ ಸರ್ ಒಂದು ಸಿನಿಮಾ ಮಾಡುವುದಾಗಿ ಹೇಳಿದರು. ಮಕ್ಕಳ ಸಿನಿಮಾ, ವಿಜ್ಞಾನದ ಕಥೆ. ಆಕಾಶದಿಂದ ಉಪಗ್ರಹದ ಚೂರೊಂದು ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಬೀಳುತ್ತದೆ. ಆ ಜಾಗದ ಗೊನೆಯ ಹಣ್ಣು ತಿಂದ ಐದು ಮಕ್ಕಳಿಗೆ ಐದು ಅದ್ಭುತ ಶಕ್ತಿಗಳು ಬರುತ್ತವೆ. ತೋಟದ ನೀರನ್ನೆಲ್ಲ ಯಂತ್ರದಿಂದ ಹೀರಿಕೊಳ್ಳಲು ಬಂದ ಕೆಟ್ಟ ವಿಜ್ಞಾನಿಯನ್ನು ಅವರು ಸೋಲಿಸುತ್ತಾರೆ. ವಿಜ್ಞಾನಿ ನಮ್ಮ ಪಿ.ಟಿ. ಸರ್. ಉಪಗ್ರಹದ ಚೂರು ಬೆಳ್ಳಿ ಕಾಗದ ಸುತ್ತಿದ ಕುಕ್ಕರಿನ ಮುಚ್ಚಳ.

ಯಾರಿಗೆ ಯಾವ ಶಕ್ತಿ ಎಂಬುದಕ್ಕೆ ಸರ್ ತಮ್ಮ ಊಟದ ಡಬ್ಬಿಯಲ್ಲಿ ಚೀಟಿ ಹಾಕಿದರು. ಬಸ್ಯಾನಿಗೆ ಬಂಡೆ ಎತ್ತುವ ಶಕ್ತಿ ಬಂತು. ಶಬಾನಾಳಿಗೆ ಹತ್ತು ಊರಾಚೆಯ ಮಾತು ಕೇಳುವ ಶಕ್ತಿ. ಇನ್ನಿಬ್ಬರಲ್ಲಿ ಒಬ್ಬ ಗಿಡಗಳ ಜೊತೆ ಮಾತಾಡುವವನು, ಒಬ್ಬಳು ಗಾಳಿಯಂತೆ ಓಡುವವಳು. ನಾನು ಚೀಟಿ ಬಿಚ್ಚಿದೆ. ಸರ್ ಅವರ ದುಂಡನೆಯ ಅಕ್ಷರದಲ್ಲಿ 'ಯಾರಿಗೂ ಕಾಣುವುದಿಲ್ಲ' ಎಂದಿತ್ತು.

ಮೊದಲು ಕುಣಿದೆ. ಆಮೇಲೆ ಲೆಕ್ಕ ಹೊಳೆಯಿತು. ಹಣ್ಣು ತಿಂದ ಮೇಲೆ ನಾನು ಕಾಣುವುದಿಲ್ಲ. ಹಣ್ಣು ತಿನ್ನುವುದು ಸಿನಿಮಾದ ಆರಂಭದಲ್ಲೇ.

"ಸರ, ನನಗ ಬ್ಯಾರೆ ಕೊಡ್ರಿ."

"ಚೀಟ್ಯಾಗ ಬಂದಿದ್ದು ಬಂತು, ಸುನಿ. ಅದರಾಗ ಏನ ಮಾಡ್ತಿ ನೋಡು."

"ಕಾಣದಾಕಿ ಏನ ಮಾಡ್ಲಿರಿ?"

"ಕೊನಿಗೆ ಎಲ್ಲಾರ ಶಕ್ತಿನೂ ಹೋಗ್ತಾವ. ಅವಾಗ ಕಾಣಸ್ತಿ. ತಾಳು."

ನನ್ನ ಕಷ್ಟ ಸರ್‌ಗೆ ಗೊತ್ತಿರಲಿಲ್ಲ. ಅವ್ವ ಅದೇ ಬಾಳೆತೋಟಗಳಲ್ಲಿ ಗೊನೆ ಇಳಿಸುವ, ಹೊರುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಯವರೆಗೆ ಒಮ್ಮೆಯೂ ಶಾಲೆಯ ಗೇಟು ದಾಟಿ ಒಳಗೆ ಬಂದವಳಲ್ಲ. ಏನು ಹೇಳಿದರೂ "ನಾ ಬಂದು ಅಲ್ಲೇನು ಮಾಡ್ಲಿ" ಎನ್ನುವಳು. ಸಿನಿಮಾ ಎಂದ ಕೂಡಲೇ ಅವಳ ಮುಖ ಅರಳಿತು. "ನೀ ಎಷ್ಟ ಹೊತ್ತು ಬರ್ತಿ?" ಎಂದಳು. "ಪೂರಾ ಸಿನಿಮಾ ನಾನ ಇರ್ತೀನಿ" ಎಂದುಬಿಟ್ಟೆ. ಸುಳ್ಳೂ ಅಲ್ಲ, ಖರೆಯೂ ಅಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಆ ಮಾತು ಓಣಿಯ ಎಲ್ಲರ ಮನೆ ಮುಟ್ಟಿತ್ತು.

ಶೂಟಿಂಗ್ ನಡೆದಷ್ಟು ದಿನವೂ ಸರ್ ನನಗೆ ಬಿಡುವು ಕೊಡಲಿಲ್ಲ. ಕಾಣದವಳಿಗೆ ಏನು ಕೆಲಸ ಎಂದು ನಾನು ಮೂತಿ ಉಬ್ಬಿಸಿ ಕುಳಿತರೆ, ಎಬ್ಬಿಸಿ ನಿಲ್ಲಿಸುತ್ತಿದ್ದರು. ಪ್ರತಿ ದೃಶ್ಯವನ್ನೂ ಮೊದಲು ನನ್ನ ಸಮೇತ ಆಡಿಸುವರು. ಎಲ್ಲಿ ನಿಲ್ಲಬೇಕು, ಎಷ್ಟು ಹೆಜ್ಜೆ, ಯಾವ ಮಾತಿಗೆ ನಗಬೇಕು, ಎಲ್ಲ ಪಕ್ಕಾ ಆಗಬೇಕು. ಆಮೇಲೆ ನನ್ನನ್ನು ತೆಗೆದು ಆ ಜಾಗದಲ್ಲಿ ಕೋಲು ನಿಲ್ಲಿಸುವರು. ಕೋಲಿನ ಮೇಲೆ ನನ್ನ ಕಣ್ಣಿನ ಎತ್ತರಕ್ಕೆ ಚಾಕುವಿನಿಂದ ಒಂದು ಗೀರು ಕೊರೆದಿದ್ದರು. ಉಳಿದ ನಾಲ್ವರೂ ಆ ಗೀರನ್ನು ನೋಡಿ ಮಾತಾಡಬೇಕು. ಕೊನೆಗೆ ಕೋಲನ್ನೂ ತೆಗೆದು, "ಹಾಂ, ಈಗ ಸುನಿನ್ನ ನೋಡ್ರಿ" ಎಂದು ಕ್ಯಾಮೆರಾ ಶುರು ಮಾಡಿಸುವರು. ಆಗ ನಾನು ಬಾಗಿಲ ಹಿಂದೆ ಅಡಗಿ, ಮೀನಿನ ಗಾಳದ ತೆಳು ದಾರ ಎಳೆದು ಕೊಡ ಎತ್ತುತ್ತಿದ್ದೆ, ಕಿಟಕಿ ತೆರೆಯುತ್ತಿದ್ದೆ, ಪಿ.ಟಿ. ಸರ್ ಅವರ ಟೊಪ್ಪಿಗೆ ಹಾರಿಸುತ್ತಿದ್ದೆ.

"ಕಾಣದಾಕಿಗೆ ಇಷ್ಟ ತಾಲೀಮು ಯಾಕ್ರಿ ಸರ?" ಎಂದು ಒಮ್ಮೆ ಸಿಟ್ಟಿನಿಂದ ಕೇಳಿದೆ.

"ನೀ ಖರೇನ ಅಲ್ಲಿ ಇರ್ಲಿಲ್ಲ ಅಂದ್ರ, ಇವರ ಕಣ್ಣು ಸುಳ್ಳು ಹೇಳತಾವ" ಎಂದರು.

ಇನ್ನೊಂದು ಪಜೀತಿ ಇತ್ತು. ನಮ್ಮವರು ತಮ್ಮ ಮಾತು ಮುಗಿದ ಕೂಡಲೇ ಕ್ಯಾಮೆರಾದ ಪಕ್ಕ ನಿಂತ ಸರ್ ಕಡೆ ಒಮ್ಮೆ ನೋಡಿಬಿಡುತ್ತಿದ್ದರು, ಸರಿಯಾಯಿತೇ ಎಂದು. ತರಗತಿಯಲ್ಲಿ ಉತ್ತರ ಹೇಳಿ ನೋಡುತ್ತೇವಲ್ಲ, ಹಾಗೆ. ಬಸ್ಯಾ ಬಂಡೆ ಎತ್ತಿದವನೇ ನೋಡುವನು, ಶಬಾನಾ ಹತ್ತು ಊರಾಚೆಯ ಗುಟ್ಟು ಕೇಳಿದವಳೇ ನೋಡುವಳು. ಮದುವೆಗಳ ಶೂಟಿಂಗ್ ಮಾಡುವ ಕ್ಯಾಮೆರಾದವರು ತಲೆ ಚಚ್ಚಿಕೊಂಡರು. "ಅದಷ್ಟೂ ಕಟ್ ಮಾಡೂಣ್ರಿ ಸರ, ನಗ್ತಾರ ಮಂದಿ."

"ಹುಡುಗ್ರು ಅಂದ ಮ್ಯಾಲ ನೋಡ್ತಾವ. ಇರ್ಲಿ ಬಿಡ್ರಿ" ಎಂದರು ಸರ್. ಅದು ಹಾಗೇ ಉಳಿಯಿತು.

ನಾನು ಬೆರಳು ಮಡಿಚಿ ಕಾಯುತ್ತಿದ್ದದ್ದು ಕೊನೆಯ ದೃಶ್ಯಕ್ಕೆ. ಶಕ್ತಿಗಳೆಲ್ಲ ಹೋಗಿ ಐವರೂ ತೋಟದ ಹಾದಿಯಲ್ಲಿ ಮನೆಗೆ ಹೊರಡುವುದು, ನಾನು ಮೆಲ್ಲಗೆ ಕಾಣಿಸಿಕೊಳ್ಳುವುದು. ಆ ದಿನ ಬೆಳಗ್ಗೆ ನನಗೆ ಮೈತುಂಬ ದಡಾರ ಎದ್ದಿತು, ಶೂಟಿಂಗ್ ನಾನಿಲ್ಲದೆಯೇ ಮುಗಿಯಿತು. ಜ್ವರ ಇಳಿದು ಮನೆಯಿಂದ ಹೊರಗೆ ಬರುವಷ್ಟರಲ್ಲಿ ಗೊನೆ ಇಳಿದಿತ್ತು. ಗೊನೆ ಇಳಿದ ಮೇಲೆ ಆ ಬಾಳೆಯ ಗಿಡವನ್ನೂ ಕಡಿಯುತ್ತಾರೆ. ತೋಟದ ಆ ಸಾಲೇ ಇರಲಿಲ್ಲ. ನಾನು ಸಿನಿಮಾದಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಅವ್ವನಿಗೆ ಹೇಳುವ ಧೈರ್ಯ ಬರಲಿಲ್ಲ.

ತೋರಿಸಿದ್ದು ಕಲಬುರಗಿಯಲ್ಲಿ, ಐವಾನ್-ಎ-ಶಾಹಿ ಕಡೆಯ ಒಂದು ಸಭಾಂಗಣದಲ್ಲಿ, ಒಂದು ಭಾನುವಾರ ಬೆಳಗ್ಗೆ. ಅವ್ವ ಟಂಟಂ ಗಾಡಿ ಮಾಡಿಕೊಂಡು ತೋಟದ ಗೆಳತಿಯರನ್ನೂ ಓಣಿಯವರನ್ನೂ ಕರೆತಂದಿದ್ದಳು. ಕೋಟನೂರಿನಿಂದ ಸಣ್ಣವ್ವನೂ ಬಂದಿದ್ದಳು. ಅವ್ವ ಎರಡನೇ ಸಾಲಿನ ನಡುವೆ ಹೊಸ ಸೀರೆಯಲ್ಲಿ ಕುಳಿತಿದ್ದಳು. ನಾನು ಅವಳ ಪಕ್ಕದಲ್ಲಿ ಕುರ್ಚಿಯೊಳಗೆ ಇಳಿದು ಹೋಗುತ್ತಿದ್ದೆ. ಪರದೆಯ ಮೇಲೆ ಹಸಿರು ಲಂಗದ ನಾನು ಓಡಿ ಬಂದೆ. ಓಣಿಯವರೆಲ್ಲ ಚಪ್ಪಾಳೆ ಹೊಡೆದರು. ನಾನು ಬಾಳೆಹಣ್ಣು ತಿಂದೆ. ಮಾಯವಾದೆ.

ಅವ್ವ ಕುತ್ತಿಗೆ ಉದ್ದ ಮಾಡಿ ಪರದೆಯ ಮೂಲೆ ಮೂಲೆ ಹುಡುಕಿದಳು. ಆಮೇಲೆ ಗಟ್ಟಿಯಾಗಿಯೇ ಕೇಳಿದಳು, "ನಮ್ಮ ಸುನಿ ಎಲ್ಲ್ಯದಾಳ?"

ಹಿಂದಿನ ಸಾಲಿನಿಂದ ಓಣಿಯ ಹೆಂಗಸೊಬ್ಬರು ಹೇಳಿದರು, "ನಮ್ಮ ಹುಡುಗ್ರಂದ್ರ ಹಿಂಗ ಬಿಡವ್ವಾ. ಮೊದಲ ಒಂದೀಟ ತೋರಿಸಿ ತಗದ ಹಾಕ್ತಾರ."

ಅವರದೇನೂ ತಪ್ಪಿರಲಿಲ್ಲ. ಹಾಗೆ ತೆಗೆದು ಹಾಕಿಸಿಕೊಂಡ ಅನುಭವ ನಮ್ಮ ಓಣಿಯಲ್ಲಿ ಎಲ್ಲರಿಗೂ ಇತ್ತು. ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಅವಳ ಮುಖ ನೋಡಲಾರದೆ ನಾನು ನೆಲ ನೋಡಿದೆ. ಅಷ್ಟು ನಾಚಿಕೆ, ಅಷ್ಟು ದುಃಖ ನನಗೆ ಆಮೇಲೆ ಎಂದೂ ಆಗಿಲ್ಲ.

ಆಗ ಪರದೆಯ ಮೇಲೆ ಒಂದು ನೆರಳು ಬಿತ್ತು. ಸರ್ ಸಿನಿಮಾ ನಿಲ್ಲಿಸಲಿಲ್ಲ, ಭಾಷಣ ಮಾಡಲಿಲ್ಲ. ಕಂಕುಳಿನ ಕೋಲು ತೆಗೆದು, ಪರದೆಯಲ್ಲಿ ಶಬಾನಾಳ ಪಕ್ಕದ ಖಾಲಿ ಜಾಗಕ್ಕೆ ಇಟ್ಟರು.

"ಇಲ್ಲದಾಳ್ರಿ ಅಕ್ಕಾ. ಈಗ ಎಡಕ್ಕ ಹೊಳ್ಳಿದಳು. ಕೊಡದ ಹತ್ರ ಹೊಂಟಾಳ. ಬಂದಳು... ಎತ್ತತಾಳ ನೋಡ್ರಿ."

ಕೊಡ ಮೇಲೆದ್ದಿತು.

ಅವ್ವ ನಿಂತಲ್ಲೇ ನಿಂತಳು. ಸರ್ ಅವರ ಕೋಲು ಮುಂದೆ ಸರಿಯಿತು. "ಕಿಟಕಿಗೆ ಬಂದಳು. ನಗಾಕತ್ತಾಳ, ಬಾಯಿಗೆ ಕೈ ಅಡ್ಡ ಹಿಡದಾಳ." ನಿಜ, ಆ ದೃಶ್ಯದಲ್ಲಿ ನಾನು ಹಾಗೇ ನಗಬೇಕಿತ್ತು, ಅವರಿಗೆ ನನ್ನ ಹೆಜ್ಜೆ ಹೆಜ್ಜೆಯೂ ಬಾಯಿಪಾಠವಿತ್ತು. ನಾಲ್ವರ ಕಣ್ಣುಗಳೂ ಕೋಲಿನ ತುದಿ ಇದ್ದಲ್ಲೇ ನೋಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಸಭಾಂಗಣದ ಹುಡುಗರು ಕೋಲಿಗಿಂತ ಮೊದಲೇ ಕೂಗತೊಡಗಿದರು: "ಅಲ್ಲದಾಳ! ಬಾಗಿಲ ಹಿಂದ!" ಪಿ.ಟಿ. ಸರ್ ಟೊಪ್ಪಿಗೆ ಹಾರಿದಾಗ ಅವ್ವನೇ ಕೂಗಿದಳು, "ಹಾರಸು ಮಗಳ!" ಆಗಲೇ ಅವಳು ಕುಳಿತಿದ್ದಳು. ಯಾವಾಗ ಕುಳಿತಳೋ ನನಗೆ ತಿಳಿಯಲಿಲ್ಲ.

ಕೊನೆಯ ದೃಶ್ಯ ಬಂತು. ನಾನು ದಡಾರ ಎದ್ದು ಮಲಗಿದ್ದ ದಿನದ್ದು. ತೋಟದ ಹಾದಿಯಲ್ಲಿ ನಾಲ್ವರು ಬೆನ್ನು ಹಾಕಿ ನಡೆದು ಹೋಗುತ್ತಿದ್ದರು. ಶಬಾನಾ ಮತ್ತು ಬಸ್ಯಾನ ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟಿತ್ತು. ಸರ್ ಆ ದಿನ ಹಾಗೆ ನಡೆಸಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ. ಅವರು ಸಣ್ಣವರಾಗುತ್ತ ಹೋದಂತೆ ಕೋಲಿನ ತುದಿ ಆ ಜಾಗದಲ್ಲಿ ಅವರ ಜೊತೆ ಜೊತೆಗೇ ಸರಿಯುತ್ತ ಹೋಯಿತು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಹೊರಗೆ ಟಂಟಂ ಹತ್ತುವಾಗ ಅವ್ವ ಕೇಳಿದಳು, "ಕೊನೀತನಕ ಅದ ಹಸರ ಲಂಗನ ಹಾಕ್ಕೊಂಡಿದ್ದೆಲ್ಲ?"

"ಹೂಂನವ್ವಾ" ಎಂದೆ.

ಮುಂದೆ ಅವ್ವ ಶಾಲೆಗೆ ಬರತೊಡಗಿದಳು. ಕರೆದಾಗಲೂ ಬಂದಳು, ಕರೆಯದಿದ್ದಾಗಲೂ ಬಂದಳು. ಹತ್ತನೇ ತರಗತಿ ಆದ ಮೇಲೆ ನನ್ನ ಓದು ಸಾಕೆಂದು ಮನೆಯವರೆಲ್ಲ ಹೇಳಿದಾಗ, ನನ್ನನ್ನು ಕರೆದುಕೊಂಡು ನೆಟ್ಟಗೆ ಬ್ರಹ್ಮಪುರಕ್ಕೆ ಸರ್ ಮನೆಗೆ ಹೋದವಳೂ ಅವಳೇ. ಯಾವ ಕೋರ್ಸು, ಯಾವ ಅರ್ಜಿ ಎಂಬುದನ್ನೆಲ್ಲ ಸರ್ ಅವತ್ತು ನೆಲದ ಮೇಲೆ ಕಾಗದ ಹರಡಿ ಕೋಲಿನಿಂದಲೇ ತೋರಿಸಿದರು. ಈಗ ನಾನು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತೇನೆ. ಕೆಲಸ ಸಿಕ್ಕಿತೆಂದು ಹೇಳಲು ಹೋದಾಗ ಅವರು ನಕ್ಕದ್ದೇ ನಕ್ಕದ್ದು. "ಆ 'ಕಾಣುವುದಿಲ್ಲ' ಚೀಟಿ ನಿನ್ನ ಬೆನ್ನ ಬಿಡಲಿಲ್ಲ ನೋಡು" ಎಂದರು.

ಸರ್ ಹೋದ ವರ್ಷ ತೀರಿಕೊಂಡರು. ಶಾಲೆಯಲ್ಲಿ ಅವರ ನೆನಪಿನ ಸಭೆ ಮಾಡಿದೆವು. ಶೂಟಿಂಗಿನ ದಿನಗಳ ಅವರ ಫೋಟೋ ಒಂದಾದರೂ ಬೇಕೆಂದು ಎಲ್ಲರೂ ಹುಡುಕಿದೆವು. ಬಸ್ಯಾನ ಹತ್ತಿರ ಇರಲಿಲ್ಲ, ಶಬಾನಾಳ ಹತ್ತಿರ ಇರಲಿಲ್ಲ, ಕ್ಯಾಮೆರಾದವರ ಹತ್ತಿರವೂ ಇರಲಿಲ್ಲ. ನಮ್ಮನ್ನೆಲ್ಲ ತೋರಿಸಿದವರು ತಾವು ಒಂದರಲ್ಲೂ ಇಲ್ಲ. ಅವರ ಪತ್ನಿ ಕೋಲನ್ನು ತಂದು ಗೋಡೆಗೆ ಒರಗಿಸಿದ್ದರು. ಪಕ್ಕ ಹೋಗಿ ನಿಂತೆ. ಚಾಕುವಿನ ಗೀರು ಈಗ ನನ್ನ ಭುಜದಷ್ಟೇ ಎತ್ತರಕ್ಕೆ ಬರುತ್ತದೆ.

ಸಭೆಯ ಕೊನೆಗೆ ಸಿನಿಮಾ ಹಾಕಿದರು. ಮುಂದೆ ನೆಲದ ಮೇಲೆ ಈಗಿನ ಮಕ್ಕಳು ಕುಳಿತಿದ್ದರು. ಬಸ್ಯಾ ಬಂಡೆ ಎತ್ತಿದ, ಪಕ್ಕಕ್ಕೆ ನೋಡಿದ. ಶಬಾನಾ ಗುಟ್ಟು ಕೇಳಿದಳು, ಪಕ್ಕಕ್ಕೆ ನೋಡಿದಳು. ಗಿಡಗಳ ಜೊತೆ ಮಾತಾಡುವವನೂ ನೋಡಿದ, ಓಡುವವಳೂ ನೋಡಿದಳು. ಮಕ್ಕಳಿಗೆ ನಗು ಬಂತು. ಮುಂದೆ ಕುಳಿತಿದ್ದ ಪುಟ್ಟ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು, "ಇವರು ಮಾತಾಡಿ ಮಾತಾಡಿ ಯಾರನ್ನ ನೋಡಾಕತ್ತಾರ?"

ಅವ್ವ ನನ್ನನ್ನು ಮೊಣಕೈಯಿಂದ ತಿವಿದಳು. ನಾನು ಎದ್ದು ಹೋಗಿ ಕೋಲು ತೆಗೆದುಕೊಂಡೆ. ನನ್ನ ನೆರಳು ಪರದೆಯ ಮೇಲೆ ಬಿತ್ತು. ಬಸ್ಯಾನ ಕಣ್ಣು ಹೋಗುವ ದಿಕ್ಕಿಗೆ ಕೋಲು ಸರಿಸುತ್ತ, ಪರದೆಯ ಅಂಚು ದಾಟಿ, ಖಾಲಿ ಗೋಡೆಯ ಮೇಲೆ ಅದರ ತುದಿ ಇಟ್ಟೆ.

"ಇಲ್ಲಿ ಸರ್ ಅದಾರ" ಎಂದೆ.

ಮಕ್ಕಳೆಲ್ಲ ಸಿನಿಮಾ ಬಿಟ್ಟು ಗೋಡೆಯ ಕಡೆ ನೋಡಿದರು.